ರಾತ್ರಿ ಒಂಬತ್ತೂವರೆ ಮೇಲೆ ಗೇಮ್ ಮಾಡುವವರ ಪ್ರಶ್ನೆಗಳು

ಕೆಲಸ, ಕಾಲೇಜು, ಮನೆ ಎಲ್ಲ ಮುಗಿಸಿ ಹವ್ಯಾಸಕ್ಕೆ ಗೇಮ್ ಮಾಡುವವರು ನಮ್ಮ ಕರಾವಳಿಯಲ್ಲಿ ಇಷ್ಟೊಂದು ಜನ ಇದ್ದಾರೆ ಅಂತ ಈ ಸಲದ ಪತ್ರಗಳಿಂದ ಗೊತ್ತಾಯಿತು. ತುಂಬಾ ಖುಷಿಯಾಯಿತು. ಹೆಚ್ಚಿನವರ ದೂರು ಎರಡೇ: ಶುರು ಮಾಡಿದ್ದು ಮುಗಿಯುವುದಿಲ್ಲ, ಮುಗಿದದ್ದನ್ನು ಯಾರೂ ಆಡುವುದಿಲ್ಲ. ಐದು ಪತ್ರ ಆರಿಸಿಕೊಂಡಿದ್ದೇನೆ. ಹೆಸರು ಯಾರದ್ದೂ ಹಾಕಿಲ್ಲ.

ಪ್ರಶ್ನೆ: ನಾನು ಸಹಕಾರಿ ಬ್ಯಾಂಕ್ ಒಂದರಲ್ಲಿ ಕ್ಲರ್ಕ್. ದಿನಾ ಕಾರ್ಕಳದಿಂದ ಉಡುಪಿಗೆ ಬಸ್ಸು. ರಾತ್ರಿ ಊಟ ಆದ ಮೇಲೆ ಒಂಬತ್ತೂವರೆಯಿಂದ ಹನ್ನೊಂದರವರೆಗೆ ಗೇಮ್ ಕೆಲಸ. ತುಳುನಾಡಿನ ದೊಡ್ಡ ಓಪನ್ ವರ್ಲ್ಡ್ ಗೇಮ್ (ಆಡುವವರು ಬೇಕಾದಲ್ಲಿ ತಿರುಗಾಡಬಹುದಾದದ್ದು) ಮಾಡಬೇಕು ಅಂತ ಮೂರು ವರ್ಷದ ಹಿಂದೆ ಹೊರಟೆ. ಮೆನು ಆಗಿದೆ, ಸೇವ್ ಆಗುತ್ತದೆ, ಚೀಲದಲ್ಲಿ ಸಾಮಾನು ಇಡುವುದೂ ಆಗಿದೆ. ಆದರೆ ಆಡಲಿಕ್ಕೆ ಏನೂ ಇಲ್ಲ. ಈಗೀಗ ಲ್ಯಾಪ್‌ಟಾಪ್ ತೆರೆದರೆ ಟ್ಯುಟೋರಿಯಲ್ ವಿಡಿಯೋ ನೋಡಿ ಮಲಗುತ್ತೇನೆ. ಕೆಲಸ ಬಿಟ್ಟು ಒಂದು ವರ್ಷ ಪೂರ್ತಿ ಇದಕ್ಕೇ ಕೂತರೆ ಹುಮ್ಮಸ್ಸು ವಾಪಸ್ ಬರಬಹುದಾ? (ಕಾರ್ಕಳದ ಓದುಗರು)

ಉತ್ತರ: ಕೆಲಸ ಬಿಡಬೇಡಿ ಮಾರಾಯ್ರೇ. ಸಂಬಳ ನಿಂತ ಮನೆಯಲ್ಲಿ ಕೂತು ಗೇಮ್ ಮಾಡುವುದು ಈಗಿನದ್ದಕ್ಕಿಂತ ಕಷ್ಟ.

ನಿಮ್ಮದು ಸೋಮಾರಿತನ ಅಂತ ನನಗೆ ಅನ್ನಿಸುವುದಿಲ್ಲ. ದಿನವಿಡೀ ಕೌಂಟರಿನಲ್ಲಿ ಕೂತು, ಬಸ್ಸಿನಲ್ಲಿ ನಿಂತು ಮನೆಗೆ ಬಂದು, ಮೂರು ವರ್ಷ ರಾತ್ರಿ ಲ್ಯಾಪ್‌ಟಾಪ್ ತೆರೆದವರನ್ನು ಸೋಮಾರಿ ಅನ್ನಲಿಕ್ಕೆ ಆಗುತ್ತದಾ? ತೊಂದರೆ ಇರುವುದು ನೀವು ಕೆಲಸ ಹಿಡಿದ ಕ್ರಮದಲ್ಲಿ. ಮೆನು, ಸೇವ್, ಚೀಲ, ಇವೆಲ್ಲ ಗೇಮಿಗೆ ಬೇಕು ಹೌದು. ಆದರೆ ಅವು ಮಾಡಿದವರಿಗೆ ಆ ರಾತ್ರಿ ಏನನ್ನೂ ಕೊಡುವುದಿಲ್ಲ. ಹನ್ನೊಂದಕ್ಕೆ ಮಲಗುವ ಮುಂಚೆ "ಬಾ ಇಲ್ಲಿ, ಇದನ್ನು ನೋಡು" ಅಂತ ಮನೆಯವರನ್ನು ಕರೆದು ತೋರಿಸುವಂಥದ್ದು ಅದರಲ್ಲಿ ಏನಿದೆ? ಕೊಡುವುದೆಲ್ಲ ಗೇಮ್ ಮುಗಿದ ದಿನವೇ ಕೊಡುತ್ತದೆ, ಅಲ್ಲಿವರೆಗೆ ಬರೀ ದುಡಿಮೆ ಅಂತಾದರೆ ಎಂಥವರ ಮನಸ್ಸೂ ಬಾಡುತ್ತದೆ.

ನಿಮ್ಮ ತಲೆಯಲ್ಲಿ ಸ್ಟಾರ್‌ಡ್ಯೂ ವ್ಯಾಲಿ ಅನ್ನುವ ಹೆಸರಾದ ಗೇಮ್ ಇರಬಹುದು. ಎರಿಕ್ ಬರೋನ್ ಅದನ್ನು ಒಬ್ಬರೇ ಸುಮಾರು ನಾಲ್ಕೂವರೆ ವರ್ಷ ಕೂತು ಮಾಡಿದರು, 2016ರ ಫೆಬ್ರವರಿಯಲ್ಲಿ ಬಿಡುಗಡೆ ಆಯಿತು. ಎಲ್ಲರೂ ಇಷ್ಟೇ ಹೇಳುತ್ತಾರೆ. ಅವರು ಸಿಯಾಟಲ್‌ನ ಒಂದು ಥಿಯೇಟರಿನಲ್ಲಿ ಪಾರ್ಟ್‌ಟೈಮ್ ಕೆಲಸ ಮಾಡುತ್ತಿದ್ದದ್ದು, ಮನೆ ಖರ್ಚಿಗೆ ಸಂಗಾತಿಯ ದುಡಿಮೆಯೂ ಇದ್ದದ್ದು, ಉಳಿದ ಹೊತ್ತೆಲ್ಲ ಗೇಮಿಗೇ ಕೊಟ್ಟದ್ದು, ಇದನ್ನು ಯಾರೂ ಹೇಳುವುದಿಲ್ಲ. ಸುಮ್ನೆ ಒಂದು ಲೆಕ್ಕ ಹಾಕಿ. ದಿನಕ್ಕೆ ಹತ್ತು ಗಂಟೆಯಂತೆ ನಾಲ್ಕೂವರೆ ವರ್ಷದ ಕೆಲಸ ಅಂತ ಹಿಡಿದರೆ, ಅದೇ ಕೆಲಸಕ್ಕೆ ನಿಮ್ಮ ಒಂದೂವರೆ ಗಂಟೆಯಲ್ಲಿ 30 ವರ್ಷ ಬೇಕು. ನಿಮ್ಮ ಒಂದೂವರೆ ಗಂಟೆಗೆ ಹೊಂದುವ ಗೇಮ್ ಬೇರೆಯೇ ಇದೆ.

ದೊಡ್ಡ ಗೇಮನ್ನು ಅಳಿಸಬೇಡಿ. ಫೋಲ್ಡರ್ ಮುಚ್ಚಿ ಬದಿಗಿಡಿ. ಅದರೊಳಗಿಂದ ಒಂದೇ ಒಂದು ತುಂಡು ಎತ್ತಿಕೊಳ್ಳಿ. ನಿಮ್ಮ ತುಳುನಾಡಿನಲ್ಲಿ ಎಲ್ಲಾದರೂ ಒಂದು ಮನೆ ಇರುತ್ತದಲ್ವಾ, ಆಟಿ ತಿಂಗಳ ಮಳೆಗೆ ಹೊರಗೆ ಹೋಗಲಾಗದೆ ಜಗಲಿಯಲ್ಲಿ ಅಜ್ಜಿ ಚೆನ್ನೆಮಣೆ ಹಿಡಿದು ಕೂತಿರುತ್ತಾರೆ. ಆ ಚೆನ್ನೆಮಣೆಯನ್ನು ಮಾತ್ರ ಮಾಡಿ. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಕಾಯಿ, ಒಟ್ಟು 56. ಆಡುವವರು ಇಬ್ಬರು. ಲೆವೆಲ್ ಇಲ್ಲ, ನಕ್ಷೆ ಇಲ್ಲ, ಕಥೆ ಇಲ್ಲ. ನಿಯಮ ಊರಿಂದ ಊರಿಗೆ ಬೇರೆ, ನಿಮ್ಮ ಮನೆಯಲ್ಲಿ ಆಡುವ ಕ್ರಮವನ್ನೇ ತೆಗೆದುಕೊಳ್ಳಿ.

ಮೆನು ಮುಟ್ಟಬೇಡಿ. ಮೊದಲ ರಾತ್ರಿ ಇಷ್ಟೇ: ಒಂದು ಗುಳಿಯನ್ನು ಬೆರಳಲ್ಲಿ ಮುಟ್ಟಿದರೆ ಅದರ ಕಾಯಿಗಳೆಲ್ಲ ಮೇಲೇಳಬೇಕು, ಮುಂದಿನ ಗುಳಿಗಳಲ್ಲಿ ಒಂದೊಂದಾಗಿ ಬೀಳಬೇಕು, ಬೀಳುವಾಗ ಮರಕ್ಕೆ ತಾಗಿದ ಟಕ್ ಟಕ್ ಶಬ್ದ ಬರಬೇಕು. ಮನೆಯಲ್ಲಿ ಮಣೆ ಇದ್ದರೆ ಆ ಶಬ್ದವನ್ನು ಮೊಬೈಲಿನಲ್ಲೇ ರೆಕಾರ್ಡ್ ಮಾಡಿ. ಆಟ ಇನ್ನೂ ಆಗಿಲ್ಲ, ಸೋಲು ಗೆಲುವು ಇಲ್ಲ, ಆದರೂ ನೀವೇ ಅದನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತೀರಿ, ಖಂಡಿತ. ಮರುದಿನ ಬಸ್ಸಿನಲ್ಲಿ ನಿಂತಾಗ ಅದೇ ನೆನಪಾಗುತ್ತದೆ, ಕಾಯಿ ಸ್ವಲ್ಪ ನಿಧಾನ ಬಿದ್ದರೆ ಹೇಗೆ, ಕೊನೆಯ ಕಾಯಿಯ ಶಬ್ದ ಬೇರೆ ಮಾಡಿದರೆ ಹೇಗೆ ಅಂತ. ನೀವು ಕೇಳಿದ ಹುಮ್ಮಸ್ಸು ಇದುವೇ. ಇದನ್ನು ಬೇರೆ ಎಲ್ಲಿಂದಲೂ ತಂದು ತುಂಬಿಸಿಕೊಳ್ಳಲು ಆಗುವುದಿಲ್ಲ, ಮಾಡಿದ ಕೆಲಸ ನಿಮಗೆ ಉತ್ತರ ಕೊಟ್ಟಾಗ ಬರುತ್ತದೆ.

ದಿನದ ಕೆಲಸ ನಿಲ್ಲಿಸುವ ರೀತಿಯೂ ಮುಖ್ಯ. ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಹೊಸದೇನನ್ನೂ ಹಿಡಿಯಬೇಡಿ. ಗೇಮ್ ಓಡುವ ಸ್ಥಿತಿಯಲ್ಲಿ ಇರಲಿ, ಗಿಟ್‌ನಲ್ಲಿ ಕಮಿಟ್ ಮಾಡಿ (ಅಂದಿನ ಕೋಡಿನ ಪ್ರತಿ ಉಳಿಸಿಡುವುದು), ನಾಳೆ ಮಾಡುವ ಮೊದಲ ಕೆಲಸವನ್ನು ಒಂದು ಸಾಲಿನಲ್ಲಿ ಬರೆದಿಡಿ. "ಕಂಪ್ಯೂಟರ್ ಎದುರಾಳಿಯ ಎಐ ಮಾಡಬೇಕು" ಅಂತ ಬರೆದರೆ ಪ್ರಯೋಜನ ಇಲ್ಲ. "ಎದುರಾಳಿ ತನ್ನ ಸಾಲಿನ ಯಾವುದಾದರೂ ಒಂದು ಗುಳಿ ಎತ್ತಬೇಕು" ಅಂತ ಬರೆದರೆ, ದಣಿದು ಬಂದ ರಾತ್ರಿಯೂ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. ಓಡದ ಗೇಮನ್ನು ಬಿಟ್ಟು ಮಲಗಿದರೆ ಮರುದಿನ ಲ್ಯಾಪ್‌ಟಾಪ್ ತೆರೆಯಲಿಕ್ಕೇ ಬೇಜಾರು. ಆಗ ಕೈ ಟ್ಯುಟೋರಿಯಲ್ ಕಡೆ ಹೋಗುವುದು ಸಹಜ. ಟ್ಯುಟೋರಿಯಲ್ ನೋಡಬೇಡಿ ಅಂತ ನಾನು ಹೇಳುವುದಿಲ್ಲ. ಎಲ್ಲೋ ಸಿಕ್ಕಿಬಿದ್ದಾಗ ಅದೊಂದೇ ವಿಷಯಕ್ಕೆ ನೋಡಿ, ಸಿಕ್ಕಿದ ಕೂಡಲೇ ಮುಚ್ಚಿ.

ಮಾರ್ಚ್ ತಿಂಗಳು ಬ್ಯಾಂಕಿನವರಿಗೆ ಹೇಗಿರುತ್ತದೆ ಅಂತ ಗೊತ್ತು. ಆ ತಿಂಗಳು ರಜೆ ಅಂತ ಈಗಲೇ ಬರೆದಿಡಿ. ಊರ ಜಾತ್ರೆ, ನವರಾತ್ರಿ, ಮನೆಯ ಮದುವೆ, ಇವಕ್ಕೂ ರಜೆ. ಮೊದಲೇ ತೀರ್ಮಾನಿಸಿದ ರಜೆ ಆದರೆ ವಾಪಸ್ ಬರುವುದು ಸುಲಭ. ತಪ್ಪಿಸಿಕೊಂಡೆ ಅಂತ ಅನ್ನಿಸಿದರೆ ಅದೇ ಒಂದು ಭಾರ. ಮಳೆಗಾಲದಲ್ಲಿ ಕರೆಂಟ್ ಹೋದ ರಾತ್ರಿ ಮನೆಯವರನ್ನು ಕೂರಿಸಿ ನಿಜವಾದ ಮಣೆಯಲ್ಲೇ ಆಡಿ. ಎಲ್ಲಿ ಅವರ ಕಣ್ಣು ಅರಳುತ್ತದೆ, ಎಲ್ಲಿ ಬೇಸರ ಬರುತ್ತದೆ ನೋಡಿ. ಅದೂ ಗೇಮ್ ಕೆಲಸವೇ.

ಇನ್ನೊಂದು ಮಾತು. ಮಾಡಬೇಕೆಂದಿರುವುದನ್ನು ಎಲ್ಲರಿಗೂ ಹೇಳಬೇಡಿ, ಮಾಡಿದ್ದನ್ನು ತೋರಿಸಿ. ಸಹೋದ್ಯೋಗಿಯ ಕೈಗೆ ಫೋನ್ ಕೊಟ್ಟು ಬಾಯಿ ಮುಚ್ಚಿ ನಿಲ್ಲಿ. "ಅಲ್ಲಿ ಒತ್ತಿ" ಅಂತ ಹೇಳಲೇಬಾರದು. ಅವರು ಎಲ್ಲಿ ತಡವರಿಸಿದರೋ ಅದು ನಿಮ್ಮ ಮುಂದಿನ ವಾರದ ಕೆಲಸ. ಗಡುವು ಬೇಕು ಅನ್ನಿಸಿದರೆ ಗೇಮ್ ಜ್ಯಾಮ್‌ಗೆ ಸೇರಿ. ಲೂಡಮ್ ಡೇರ್ 2002ರಿಂದ ನಡೆಯುತ್ತಿದೆ, ಗ್ಲೋಬಲ್ ಗೇಮ್ ಜ್ಯಾಮ್ 2009ರಿಂದ. ಕೊಟ್ಟ ಒಂದು ವಿಷಯದ ಮೇಲೆ ಕೆಲವೇ ದಿನದಲ್ಲಿ ಸಣ್ಣ ಗೇಮ್ ಮಾಡಿ ಮುಗಿಸಬೇಕು. ಮುಗಿಸುವುದೂ ಕಲಿಯಬೇಕಾದ ವಿದ್ಯೆ, ಅದನ್ನು ಸಣ್ಣದರಲ್ಲಿ ಕಲಿಯುವುದು ಒಳ್ಳೆಯದು.

ಪ್ರಶ್ನೆ: ನಾವು ಇಬ್ಬರು ಗೆಳೆಯರು, ಇಂಜಿನಿಯರಿಂಗ್ ಓದುತ್ತಿದ್ದೇವೆ. ಕಂಬಳದ ಮೊಬೈಲ್ ಗೇಮ್ ಮಾಡಿದ್ದೇವೆ. ಬಟನ್ ಬೇಗ ಬೇಗ ಒತ್ತಿದಷ್ಟು ಕೋಣ ಜೋರಾಗಿ ಓಡುತ್ತದೆ. ಗೆದ್ದರೆ ನಾಣ್ಯ, ದಿನಾ ಬಂದರೆ ಬೋನಸ್, ನಾಣ್ಯ ಕೂಡಿಸಿ ಹೊಸ ಕೋಣ ಕೊಳ್ಳಬಹುದು. ಹಾಸ್ಟೆಲಿನವರಿಗೆ ಕೊಟ್ಟರೆ ಐದು ನಿಮಿಷ ಆಡಿ ಬಿಡುತ್ತಾರೆ. ಬಹುಮಾನ ಜಾಸ್ತಿ ಮಾಡಬೇಕಾ? ಹತ್ತು ರೂಪಾಯಿ ಎಂಟ್ರಿ ಫೀ ಇಟ್ಟು ಗೆದ್ದವರಿಗೆ ಹಣ ಕೊಡುವ ಐಡಿಯಾ ಕೂಡ ಉಂಟು. (ಸುರತ್ಕಲ್‌ನ ಇಬ್ಬರು ವಿದ್ಯಾರ್ಥಿಗಳು)

ಉತ್ತರ: ಎಂಟ್ರಿ ಫೀ ಯೋಚನೆ ಇವತ್ತೇ ಬಿಟ್ಟುಬಿಡಿ. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ.

ನಾಣ್ಯದ ವಿಷಯಕ್ಕೆ ಬರೋಣ. ಒಂದು ವಾರದ ಮಟ್ಟಿಗೆ ನಾಣ್ಯ, ಬೋನಸ್, ಅಂಗಡಿ ಎಲ್ಲ ತೆಗೆದು, ಬರೀ ಓಟ ಮಾತ್ರ ಇರುವ ಗೇಮನ್ನು ಹಾಸ್ಟೆಲಿನಲ್ಲಿ ಕೊಡಿ. ಒಮ್ಮೆ ಓಡಿಸಿದವರು ತಾವಾಗಿ ಎರಡನೇ ಸಲ ಓಡಿಸುತ್ತಾರಾ ನೋಡಿ. ಇಲ್ಲ ಅಂತಾದರೆ ಓಟದಲ್ಲೇ ಕೊರತೆ ಇದೆ, ಎಷ್ಟು ನಾಣ್ಯ ಸುರಿದರೂ ಅದು ತುಂಬುವುದಿಲ್ಲ.

1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಅನ್ನುವ ಮನಶ್ಶಾಸ್ತ್ರಜ್ಞರು ಅಮೆರಿಕದ ಒಂದು ನರ್ಸರಿಯಲ್ಲಿ ಮಾಡಿದ ಪ್ರಯೋಗವನ್ನು ಗೇಮ್ ಮಾಡುವವರೆಲ್ಲ ತಿಳಿದಿರಬೇಕು. ಚಿತ್ರ ಬಿಡಿಸುವುದೆಂದರೆ ಇಷ್ಟ ಇದ್ದ ಮಕ್ಕಳನ್ನೇ ಆರಿಸಿದರು. ಕೆಲವರಿಗೆ "ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ" ಅಂತ ಮೊದಲೇ ಹೇಳಿ ಕೊಟ್ಟರು. ಕೆಲವರಿಗೆ ಏನೂ ಹೇಳದೆ, ಬಿಡಿಸಿದ ಮೇಲೆ ಕೊಟ್ಟರು. ಉಳಿದವರಿಗೆ ಕೊಡಲಿಲ್ಲ. ಆಮೇಲೆ ಬಿಡುವಿನ ಹೊತ್ತಿನಲ್ಲಿ ಗಮನಿಸಿದಾಗ, ಮೊದಲೇ ಆಸೆ ತೋರಿಸಿದ್ದ ಮಕ್ಕಳು ಚಿತ್ರ ಬಿಡಿಸುತ್ತಿದ್ದ ಹೊತ್ತು ಉಳಿದವರದ್ದಕ್ಕಿಂತ ಸುಮಾರು ಅರ್ಧದಷ್ಟು ಕಡಿಮೆ. ಹೇಳದೆ ಕೊಟ್ಟ ಮಕ್ಕಳ ಆಸಕ್ತಿ ಮಾತ್ರ ಕಡಿಮೆ ಆಗಿರಲಿಲ್ಲ. ನಿಮ್ಮ "ದಿನಾ ಬಂದರೆ ಬೋನಸ್" ಈ ಮೊದಲನೇ ಗುಂಪಿನದ್ದು. ಬೋನಸ್‌ಗೋಸ್ಕರ ಬಂದವರು ಬೋನಸ್ ತೆಗೆದುಕೊಂಡು ಹೋಗುತ್ತಾರೆ.

ಹಾಗಾದರೆ ಕಂಬಳದಲ್ಲಿ ಖುಷಿ ಎಲ್ಲಿದೆ? ನೀವು ಕರೆಯ (ಕೋಣ ಓಡುವ ಕೆಸರುಗದ್ದೆಯ) ಬದಿಯಲ್ಲಿ ನಿಂತು ನೋಡಿದವರೇ ಇರಬೇಕು. ಕೋಣಗಳು ಎಳೆಯುವ ಹಲಗೆಯ ಮೇಲೆ ನಿಂತು ಓಡಿಸುವ ಕನೆಹಲಗೆ ಓಟ ನೆನಪು ಮಾಡಿಕೊಳ್ಳಿ. ಅಲ್ಲಿ ಯಾರು ಮೊದಲು ಬಂದರು ಅನ್ನುವುದಲ್ಲ, ಹಲಗೆಯಿಂದ ಚಿಮ್ಮಿದ ನೀರು ಎಷ್ಟು ಎತ್ತರ ಹೋಯಿತು ಅನ್ನುವುದು ಲೆಕ್ಕ. ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿ ಕಟ್ಟಿದ ನಿಶಾನೆಗೆ ನೀರು ಹಾಯಿಸಬೇಕು. ಗೇಮ್ ಡಿಸೈನ್ ಅಂತ ನೋಡಿದರೆ ಇದಕ್ಕಿಂತ ಚೆನ್ನಾದ ಬಹುಮಾನ ನನಗೆ ಗೊತ್ತಿಲ್ಲ. ಓಡಿಸುವವರ ಹದವೇ ನೀರಾಗಿ ಮೇಲೇಳುತ್ತದೆ, ನೂರಾರು ಜನರ ಕಣ್ಣು ಒಟ್ಟಿಗೆ ಮೇಲೆ ಹೋಗುತ್ತದೆ, ನಿಶಾನೆ ಒದ್ದೆ ಆಯಿತಾ ಇಲ್ಲವಾ ಅಂತ ಎಲ್ಲರಿಗೂ ಅಲ್ಲೇ ಕಾಣುತ್ತದೆ, ನಾಣ್ಯ ಎಣಿಸುವ ಅಗತ್ಯವೇ ಇಲ್ಲ. ನಿಮ್ಮ ಗೇಮಿಗೆ ಇದನ್ನೇ ತನ್ನಿ. ಎಲ್ಲ ಬಗೆಯ ಓಟ ಬೇಡ, ಕನೆಹಲಗೆ ಒಂದೇ ಸಾಕು.

ಬೇಗ ಬೇಗ ಒತ್ತುವುದನ್ನು ತೆಗೆಯಿರಿ. ಅದರಲ್ಲಿ ಬೆರಳು ನೋಯುತ್ತದೆ, ಕಲಿಯಲು ಏನೂ ಇಲ್ಲ. ಕೋಣಗಳ ಹೆಜ್ಜೆಯ ತಾಳಕ್ಕೆ ಸರಿಯಾಗಿ ಒತ್ತಬೇಕು, ಸರಿಯಾದ ಜಾಗದಲ್ಲಿ ಹಲಗೆಯ ಮೇಲೆ ಕಾಲಿನ ಭಾರ ಬಿಡಬೇಕು ಅಂತ ಮಾಡಿ. ತಾಳ ಕೂಡಿದಷ್ಟು ವೇಗ, ಭಾರ ಬಿಟ್ಟ ಕ್ಷಣ ಎಷ್ಟು ಸರಿಯೋ ಅಷ್ಟು ಎತ್ತರ ನೀರು. ಈಗ ಆಡುವವರು ಸೋತರೂ "ಛೇ, ಸ್ವಲ್ಪ ಬೇಗ ಬಿಟ್ಟೆ" ಅಂತ ಅವರಿಗೇ ಗೊತ್ತಾಗುತ್ತದೆ. ಯಾಕೆ ಸೋತೆ ಅಂತ ಗೊತ್ತಾದವರು ಮತ್ತೆ ಆಡುತ್ತಾರೆ. ನೀರು ಎಲ್ಲಿವರೆಗೆ ಬಂದಿತ್ತು ಅಂತ ಒಂದು ಗೆರೆ ಪರದೆಯಲ್ಲಿ ಉಳಿಯಲಿ. ಮತ್ತೆ ಆಡಲು ಒಂದೇ ಒತ್ತು ಸಾಕಾಗಬೇಕು. ನಡುವೆ ಜಾಹೀರಾತು, ಅಂಕಪಟ್ಟಿ, ಅಂಗಡಿ ಬಂದರೆ ಆ ಬಿಸಿ ಆರಿಹೋಗುತ್ತದೆ.

ಆಮೇಲೆ ನೀರಿಗೆ ಸಮಯ ಕೊಡಿ, ತುಂಬಾ ಸಮಯ ಕೊಡಿ. ಒತ್ತಿದ ಕೂಡಲೇ ಏನಾದರೂ ಆಗಬೇಕು. ಹಲಗೆ ಇಳಿಯಬೇಕು, ಶಬ್ದ ಬರಬೇಕು, ನೀರು ಏಳುವಾಗ ಕ್ಯಾಮೆರಾ ಸ್ವಲ್ಪ ಮೇಲೆ ನೋಡಬೇಕು, ನಿಶಾನೆ ಮುಟ್ಟುವ ಕ್ಷಣ ಎಲ್ಲವೂ ಒಂದಿಷ್ಟು ನಿಧಾನ ಆಗಬೇಕು, ಜನರ ಕೂಗು ಆಮೇಲೆ ಏರಬೇಕು. ಕಂಬಳಕ್ಕೆ ಹೋದಾಗ ವಾದ್ಯ, ಕೂಗು, ಕೆಸರಿನ ಶಬ್ದ ಎಲ್ಲ ರೆಕಾರ್ಡ್ ಮಾಡಿಕೊಳ್ಳಿ. ಅಂಗಡಿಯ ಹೊಸ ಕೋಣಗಳಿಗೆ ಹಾಕಿದ ಶ್ರಮದಲ್ಲಿ ಕಾಲು ಭಾಗ ಈ ಒಂದು ಚಿಮ್ಮುವಿಕೆಗೆ ಹಾಕಿದ್ದರೂ ಹಾಸ್ಟೆಲಿನವರು ಎದ್ದು ಹೋಗುತ್ತಿರಲಿಲ್ಲ ಅಂತ ನನ್ನ ಅಂದಾಜು.

ಆಡುವವರಿಗೆ ಸ್ವಲ್ಪ ರಿಯಾಯಿತಿಯನ್ನೂ ಕೊಡಿ. ಸೆಲೆಸ್ಟ್ ಅನ್ನುವ ಗೇಮ್ ಕಷ್ಟದ್ದು ಅಂತ ಹೆಸರಾಗಿದೆ. ಆದರೆ ಅದರಲ್ಲಿ ಬಂಡೆಯ ಅಂಚು ದಾಟಿ ಕಾಲು ಗಾಳಿಗೆ ಬಂದ ಮೇಲೂ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಜಿಗಿಯಲು ಬಿಡುತ್ತಾರೆ. ಆಡುವವರಿಗೆ ಅದು ಗೊತ್ತೇ ಆಗುವುದಿಲ್ಲ, ತಾನೇ ಸರಿಯಾಗಿ ಜಿಗಿದೆ ಅನ್ನಿಸುತ್ತದೆ. ನಿಮ್ಮ ತಾಳಕ್ಕೂ ಅಷ್ಟು ಜಾಗ ಬಿಡಿ, ಆಡಿಸಿ ನೋಡಿ ಹೆಚ್ಚು ಕಡಿಮೆ ಮಾಡಿ. ಇದೆಲ್ಲ ಆದ ಮೇಲೂ ನಾಣ್ಯ ಬೇಕು ಅನ್ನಿಸಿದರೆ ಹಾಕಿ, ನನ್ನ ಅಡ್ಡಿ ಇಲ್ಲ.

ಪ್ರಶ್ನೆ: ಮಗಳಿಗೆ ಕನ್ನಡ ಅಕ್ಷರ ಕಲಿಸಲಿಕ್ಕೆ ಅಂತ ನಾನೇ ಕಲಿತು ಒಂದು ಗೇಮ್ ಮಾಡಿದೆ. ಮಗಳಿಗೆ ತುಂಬಾ ಇಷ್ಟ. ಆಮೇಲೆ ಆ್ಯಪ್ ಆಗಿ ಹಾಕಿದೆ. ನಾಲ್ಕು ತಿಂಗಳಲ್ಲಿ 19 ಡೌನ್‌ಲೋಡ್. ಮನೆಯಲ್ಲಿ "ಇಷ್ಟು ನಿದ್ದೆ ಕೆಡಿಸಿ ಮಾಡಿದ್ದಕ್ಕೆ ಎಷ್ಟು ಬಂತು?" ಅಂತ ಕೇಳುತ್ತಾರೆ. ಉತ್ತರ ಹೇಳಲು ಆಗುವುದಿಲ್ಲ. ನಿಲ್ಲಿಸುವುದಾ? (ಮಂಗಳೂರು ಬಿಜೈಯಿಂದ ಓದುಗರು)

ಉತ್ತರ: ನಿಲ್ಲಿಸಬೇಡಿ ಅಕ್ಕ. ನಿಮ್ಮ ಪತ್ರದ ಎರಡನೇ ವಾಕ್ಯ ಇನ್ನೊಮ್ಮೆ ಓದಿ. ಯಾರಿಗಾಗಿ ಮಾಡಿದಿರೋ ಅವಳಿಗೆ ತುಂಬಾ ಇಷ್ಟ ಆಗಿದೆ. ಗೇಮ್ ಮಾಡುವ ಎಷ್ಟೋ ಜನ ಇದಕ್ಕಾಗಿ ವರ್ಷಗಟ್ಟಲೆ ಒದ್ದಾಡುತ್ತಾರೆ.

ಎಷ್ಟು ಬಂತು ಅಂತ ಕೇಳುವವರ ಮೇಲೆ ಸಿಟ್ಟಾಗಬೇಡಿ, ನಿಮ್ಮ ನಿದ್ದೆಯ ಚಿಂತೆ ಅವರಿಗೂ ಇರುತ್ತದೆ. ಆದರೆ ನಮ್ಮ ಊರಿನಲ್ಲಿ ಹವ್ಯಾಸಿ ಯಕ್ಷಗಾನ ಸಂಘಗಳು ಎಷ್ಟಿಲ್ಲ! ಮೇಷ್ಟ್ರು, ಅಂಗಡಿಯವರು, ಬ್ಯಾಂಕಿನವರು ಸಂಜೆ ಹೆಜ್ಜೆ ಕಲಿತು, ವೇಷ ಕಟ್ಟಿ, ಬೆಳಗ್ಗೆ ಕೆಂಪು ಕಣ್ಣಲ್ಲಿ ಕೆಲಸಕ್ಕೆ ಹೋಗುತ್ತಾರೆ. ಅವರನ್ನು ಯಾರೂ ಎಷ್ಟು ಬಂತು ಅಂತ ಕೇಳುವುದಿಲ್ಲ. ನಿಮ್ಮದೂ ಹಾಗೆಯೇ ಅಂತ ಮನೆಯಲ್ಲಿ ಹೇಳಿ. ನಿದ್ದೆಯನ್ನು ಮಾತ್ರ ನಿಜವಾಗಿಯೂ ಕಾಪಾಡಿಕೊಳ್ಳಿ, ವಾರಕ್ಕೆ ಮೂರು ರಾತ್ರಿ ಸಾಕು.

19 ಅನ್ನುವುದು ಗೇಮ್ ಹೇಗಿದೆ ಅಂತ ಹೇಳುವುದಿಲ್ಲ, ಗೇಮ್ ಇದೆ ಅಂತ ಎಷ್ಟು ಜನರಿಗೆ ಗೊತ್ತಾಯಿತು ಅಂತ ಹೇಳುತ್ತದೆ. ಪ್ಲೇ ಸ್ಟೋರಿನಲ್ಲಿ ಹುಡುಕಿಕೊಂಡು ಬರುವವರನ್ನು ಕಾಯಬೇಡಿ. ಒಂದು ವೆಬ್ ಆವೃತ್ತಿ ಮಾಡಿ ಇಚ್.ಐಓ ಅನ್ನುವ ಗೇಮ್ ತಾಣದಲ್ಲಿ ಹಾಕಿ. ಅಲ್ಲಿ ಗೇಮ್ ಹಾಕಲು ಹಣ ಕೊಡಬೇಕಿಲ್ಲ, ಆಡುವವರು ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಅದರ ಲಿಂಕನ್ನು ಮಗಳ ಕ್ಲಾಸಿನ ಅಮ್ಮಂದಿರ ವಾಟ್ಸಾಪ್ ಗುಂಪಿಗೆ ಕಳಿಸಿ. ಹತ್ತಿರದ ಅಂಗನವಾಡಿ ಟೀಚರನ್ನು ಕೇಳಿ ಒಂದು ದಿನ ಹೋಗಿ, ನಾಲ್ಕು ಮಕ್ಕಳ ಕೈಗೆ ಕೊಟ್ಟು ಸುಮ್ಮನೆ ಪಕ್ಕದಲ್ಲಿ ಕೂರಿ. ಯಾವ ಅಕ್ಷರದಲ್ಲಿ ನಗುತ್ತಾರೆ, ಎಲ್ಲಿ ಫೋನ್ ವಾಪಸ್ ಕೊಡುತ್ತಾರೆ ಅಂತ ನೋಡಿದರೆ ಎರಡನೇ ಗೇಮಿಗೆ ಬೇಕಾದಷ್ಟು ಕೆಲಸ ಸಿಗುತ್ತದೆ. ಹಣ ಬೇಕು ಅಂತಲೇ ಹೊರಟರೆ ಲೆಕ್ಕ ಬೇರೆ. ಕಂಪ್ಯೂಟರ್ ಗೇಮ್ ಮಾರುವ ಸ್ಟೀಮ್‌ನಲ್ಲಿ ಪ್ರತಿ ಗೇಮಿಗೆ 100 ಡಾಲರ್ ಮೊದಲೇ ಕಟ್ಟಬೇಕು. ಗೂಗಲ್ ಪ್ಲೇಯಲ್ಲಿ ಒಂದೇ ಸಲ 25 ಡಾಲರ್, ಜೊತೆಗೆ ಈಗಿನ ನಿಯಮದಂತೆ ಹೊಸ ವೈಯಕ್ತಿಕ ಖಾತೆಯವರು 12 ಜನರಿಂದ 14 ದಿನ ಪರೀಕ್ಷೆ ಮಾಡಿಸಬೇಕು. ನೀವು ಆ ಹಂತ ದಾಟಿ ಬಂದಿದ್ದೀರಿ.

ಪ್ರಶ್ನೆ: ಗೊಡೋ ಅನ್ನುವ ಇಂಜಿನ್‌ನಲ್ಲಿ (ಗೇಮ್ ಮಾಡುವ ಸಾಫ್ಟ್‌ವೇರ್) ಗೇಮ್ ಮಾಡುತ್ತಿದ್ದೇನೆ. ಕನ್ನಡದ ಒತ್ತಕ್ಷರ ಎಲ್ಲ ಒಡೆದು ಕಾಣುತ್ತದೆ. ಇಂಜಿನ್ ಬದಲಿಸಬೇಕಾ? (ಮಣಿಪಾಲ)

ಉತ್ತರ: ಬೇಡ. ನೀವು ಇನ್ನೂ ಹಳೆಯ 3ನೇ ಆವೃತ್ತಿಯಲ್ಲಿ ಇರಬೇಕು. 2023ರ ಮಾರ್ಚಿನಲ್ಲಿ ಬಂದ 4.0ರಿಂದ ಈಚೆಗೆ ಗೊಡೋ ಕನ್ನಡದಂಥ ಲಿಪಿಗಳನ್ನು ಸರಿಯಾಗಿ ಜೋಡಿಸುತ್ತದೆ. ನೋಟೋ ಸಾನ್ಸ್ ಕನ್ನಡ ಅಥವಾ ಬಾಲೂ ತಮ್ಮಾ ಫಾಂಟನ್ನು ಪ್ರಾಜೆಕ್ಟ್ ಒಳಗೇ ಸೇರಿಸಿ, ಎರಡೂ ಉಚಿತ. ಆಡುವವರ ಫೋನಿನಲ್ಲಿ ಕನ್ನಡ ಫಾಂಟ್ ಇರುತ್ತದೆ ಅಂತ ನಂಬಿ ಕೂರಬೇಡಿ. ನಡುವೆ ಇಂಜಿನ್ ಬದಲಿಸಿ ಹಾಳಾದ ಹವ್ಯಾಸಿ ಗೇಮ್‌ಗಳು ತುಂಬಾ ಉಂಟು. ಹಿಡಿದದ್ದನ್ನು ಮುಗಿಸಿ, ಆಮೇಲೆ ಬೇಕಾದರೆ ಬೇರೆಯದನ್ನು ನೋಡಿ.

ಪ್ರಶ್ನೆ: ನಾನು 9ನೇ ಕ್ಲಾಸ್. ಅಣ್ಣನ ಹಳೆಯ ಲ್ಯಾಪ್‌ಟಾಪ್ ಇದೆ, 4 ಜಿಬಿ ರ‍್ಯಾಮ್. ಇದರಲ್ಲಿ ಗೇಮ್ ಮಾಡಲಿಕ್ಕೆ ಆಗ್ತದಾ? (ಮಲ್ಪೆ)

ಉತ್ತರ: ಧಾರಾಳ ಆಗುತ್ತದೆ ತಮ್ಮಾ. ಮೇಲೆ ಹೇಳಿದ ಸೆಲೆಸ್ಟ್ ಇದೆಯಲ್ಲ, 2018ರಲ್ಲಿ ದೊಡ್ಡ ಗೇಮ್ ಆಗಿ ಬರುವ ಮುಂಚೆ ಅದನ್ನು ಇಬ್ಬರು ಸೇರಿ ನಾಲ್ಕು ದಿನದಲ್ಲಿ ಪಿಕೋ-8 ಅನ್ನುವ, ಸಣ್ಣ ಗೇಮ್ ಮಾಡುವ ಸಾಫ್ಟ್‌ವೇರಿನಲ್ಲಿ ಮಾಡಿದ್ದರು. ಪಿಕೋ-8ರ ಪರದೆ 128ಕ್ಕೆ 128 ಚುಕ್ಕಿ, ಬಣ್ಣ 16. ಅದಕ್ಕೆ ಹಣ ಕೊಡಬೇಕು, ಆದರೆ ಬ್ರೌಸರಿನಲ್ಲಿ ಓಡುವ ಕಲಿಕೆಯ ಆವೃತ್ತಿ ಉಚಿತ. ಅದೇ ರೀತಿಯ ಟಿಕ್-80 ಕೂಡ ಉಚಿತ. ನಿನ್ನ ಲ್ಯಾಪ್‌ಟಾಪಿಗೆ ಇವು ಏನೇನೂ ಭಾರ ಅಲ್ಲ. ಕೋಡ್ ಬರೆದು ಗೊತ್ತೇ ಇಲ್ಲ ಅಂತಾದರೆ ತುಂಡುಗಳನ್ನು ಜೋಡಿಸಿ ಗೇಮ್ ಮಾಡುವ ಸ್ಕ್ರ್ಯಾಚ್‌ನಲ್ಲಿ ಶುರು ಮಾಡು. ಮೊದಲು ಒಂದು ದೋಣಿ, ಒಂದು ಮೀನು. ದೋಣಿ ಎಡಕ್ಕೆ ಬಲಕ್ಕೆ ಹೋಗಬೇಕು, ಮೀನು ಸಿಕ್ಕಿದಾಗ ಶಬ್ದ ಬರಬೇಕು. ಅಷ್ಟು ಆದ ಕೂಡಲೇ ಅಣ್ಣನಿಗೆ ಆಡಲು ಕೊಡು. ಪರೀಕ್ಷೆ ಹತ್ತಿರ ಇದ್ದರೆ ಮುಗಿದ ಮೇಲೆ.